ಆರ್‌ಸಿ ಕಾರಿನ ಎಂಜಿನ್‌ಗೆ ಬೇರೆ ಸ್ಟಾರ್ಟರ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಗದ್ದೆ ಕೊಯ್ಲು ಮುಗಿದ ಮೇಲೆ ರಿಮೋಟಿನಲ್ಲಿ ಓಡಿಸುವ (ಆರ್‌ಸಿ) ನೈಟ್ರೋ ಕಾರುಗಳು ಅಟ್ಟದಿಂದ ಇಳಿಯುತ್ತವೆ. ಇಳಿದ ಮರುದಿನವೇ ಒಂದು ಕೈಯಲ್ಲಿ ಕಾರು, ಇನ್ನೊಂದು ಕೈಯಲ್ಲಿ ಎಂಜಿನ್ ಹತ್ತಿಸುವ ಸ್ಟಾರ್ಟರಿನ ತುಂಡಾದ ಹಗ್ಗ ಹಿಡಿದುಕೊಂಡು ಯಾರಾದರೂ ನಮ್ಮ ಅಂಗಳಕ್ಕೆ ಬರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಬರೆದಿಟ್ಟಿದ್ದೇನೆ. ಇಲ್ಲಿ ಹೇಳುವುದೆಲ್ಲ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಬೆರೆತ ಇಂಧನದಲ್ಲಿ ಓಡುವ ಸಣ್ಣ ಗ್ಲೋ ಪ್ಲಗ್ (ಒಳಗಿನ ತಂತಿ ಕಾದು ಇಂಧನ ಹೊತ್ತಿಸುವ ಪ್ಲಗ್) ಎಂಜಿನ್‌ಗಳ ವಿಷಯ. ಪೆಟ್ರೋಲ್ ಕಾರು ನಡುವೆ ಒಂದು ಕಡೆ ಮಾತ್ರ ಬರುತ್ತದೆ.

ಹಗ್ಗ ತುಂಡಾಗ್ತಾನೇ ಉಂಟು. ಸ್ಟಾರ್ಟರ್ ಬದಲಿಸಲೇಬೇಕಾ?

ಹೆಚ್ಚಿನ ಸಲ ಬೇಡ. ಮೊದಲು ಗ್ಲೋ ಪ್ಲಗ್ ಬಿಚ್ಚಿ ಹಗ್ಗ ಎಳೆದು ನೋಡಿ. ಸಲೀಸಾಗಿ ಬಂದರೆ ಸ್ಟಾರ್ಟರ್ ಸರಿ ಉಂಟು. ಪ್ಲಗ್ಗಿನ ತೂತಿನಿಂದ ಇಂಧನ ಪಿಚಕಾರಿಯ ಹಾಗೆ ಹಾರಿದರೆ, ಎಂಜಿನ್ ಒಳಗೆ ಇಂಧನ ತುಂಬಿತ್ತು ಅಂತ ಅರ್ಥ. ಗಾಳಿಯನ್ನಾದರೆ ಪಿಸ್ಟನ್ ಒತ್ತಿ ಕುಗ್ಗಿಸಬಹುದು. ದ್ರವವನ್ನು ಕುಗ್ಗಿಸಲು ಆಗುವುದಿಲ್ಲ. ನೀವು ಹಗ್ಗ ಎಳೆಯುತ್ತೀರಿ, ಪಿಸ್ಟನ್ ಅರ್ಧಕ್ಕೆ ನಿಲ್ಲುತ್ತದೆ, ನೀವು ಇನ್ನೂ ಜೋರಾಗಿ ಎಳೆಯುತ್ತೀರಿ. ಹಗ್ಗ ಹೋಗದೆ ಇನ್ನೇನಾಗುತ್ತದೆ? ಕಾರನ್ನು ಕವುಚಿ ಹಿಡಿದು ನಾಲ್ಕೈದು ಸಲ ಎಳೆದು ಒಳಗಿನದ್ದನ್ನು ಹೊರಗೆ ಹಾಕಿ. ಮುಖ ಹತ್ತಿರ ಇಡಬೇಡಿ. ಮೆಥನಾಲ್ ವಿಷ, ಕಣ್ಣಿಗೆ ಬೀಳಬಾರದು.

ಎಂಜಿನ್ ಹೊಸದಾದರೆ ಇನ್ನೊಂದು ಕಾರಣ ಉಂಟು. ಈ ಎಂಜಿನ್‌ಗಳಲ್ಲಿ ಅಲ್ಯೂಮಿನಿಯಂ ಪಿಸ್ಟನ್, ಅದು ಓಡಾಡುವ ಕೊಳವೆ, ಅಂದರೆ ಲೈನರ್, ಕ್ರೋಮ್ ಹಚ್ಚಿದ ಹಿತ್ತಾಳೆಯದು. ಪಿಸ್ಟನ್‌ಗೆ ರಿಂಗ್ ಇಲ್ಲ. ಲೈನರ್ ಮೇಲ್ಗಡೆ ಚೂರು ಕಿರಿದಾಗಿರುತ್ತದೆ, ಬೇಕಂತಲೇ. ತಣ್ಣಗಿರುವಾಗ ಪಿಸ್ಟನ್ ಅಲ್ಲಿಗೆ ಬಂದು ಕಚ್ಚಿಕೊಳ್ಳುತ್ತದೆ. ಬಿಸಿಯಾದರೆ ಲೈನರ್ ಹಿಗ್ಗಿ ಅಳತೆ ಸರಿಯಾಗುತ್ತದೆ. ಮನೆಯಲ್ಲಿ ಹೇರ್ ಡ್ರೈಯರ್ ಇದ್ದರೆ ನಾಲ್ಕೈದು ನಿಮಿಷ ಎಂಜಿನ್ ತಲೆಗೆ ಬಿಸಿಗಾಳಿ ಹಿಡಿದು ಆಮೇಲೆ ಎಳೆಯಿರಿ. ಅದೇ ಎಂಜಿನ್ ಬೇರೆಯದೇ ಆಗಿಬಿಟ್ಟ ಹಾಗೆ ಅನಿಸುತ್ತದೆ.

ಎಳೆಯುವ ಉದ್ದವೂ ಮುಖ್ಯ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಸಾಕು, ಚುರುಕಾಗಿ. ಅಡಿಕೆಗೆ ಮದ್ದು ಬಿಡುವ ಪಂಪಿನ ಹಗ್ಗ ಎಳೆದು ಅಭ್ಯಾಸ ಆದವರು ಇಲ್ಲೂ ಕೈ ಭುಜದವರೆಗೆ ಒಯ್ಯುತ್ತಾರೆ. ಹಗ್ಗ ಕೊನೆ ಮುಟ್ಟಿ ಒಳಗಿನ ಸ್ಪ್ರಿಂಗಿನ ಕೊಕ್ಕೆಯೇ ಕಿತ್ತು ಬರುತ್ತದೆ.

ಹಾಗಾದರೆ ಬೇರೆ ಎಂತ ಸ್ಟಾರ್ಟರ್‌ಗಳು ಉಂಟು?

ನಾಲ್ಕು ಬಗೆ ಅಂತ ಇಟ್ಟುಕೊಳ್ಳಿ. ಒಂದು ಹಗ್ಗದ್ದು, ಎಂಜಿನ್ ಬೆನ್ನಿಗೆ ಕೂರುತ್ತದೆ. ಎರಡು ರೋಟೋ ಸ್ಟಾರ್ಟ್: ಬೆನ್ನಿನಲ್ಲಿ ಹಗ್ಗದ ಡಬ್ಬಿಯ ಬದಲು ಒಂದು ಸಾಕೆಟ್, ಅದಕ್ಕೆ ಕೈಯಲ್ಲಿ ಹಿಡಿಯುವ ಬ್ಯಾಟರಿ ಮೋಟಾರಿನ ಸರಳು ತೂರಿಸಿ ತಿರುಗಿಸುವುದು. ಮೂರು ಟ್ರಾಕ್ಸಾಸ್‌ನವರ ಈಜಿ ಸ್ಟಾರ್ಟ್: ಮೋಟಾರ್ ಕಾರಿನಲ್ಲೇ ಇರುತ್ತದೆ, ನೀವು ಒಯ್ಯುವುದು ಬ್ಯಾಟರಿ ಮತ್ತು ಗುಂಡಿ ಇರುವ ಹಿಡಿ ಮಾತ್ರ. ಗ್ಲೋ ಪ್ಲಗ್ಗಿಗೂ ಅದೇ ವಯರಿನಲ್ಲಿ ಕರೆಂಟ್ ಹೋಗುತ್ತದೆ. ನಾಲ್ಕನೆಯದು ಸ್ಟಾರ್ಟರ್ ಬಾಕ್ಸ್: ಕಾರನ್ನು ಪೆಟ್ಟಿಗೆ ಮೇಲಿಟ್ಟು ಒತ್ತಿದರೆ ಪೆಟ್ಟಿಗೆಯ ರಬ್ಬರ್ ಚಕ್ರ ಚಾಸಿಯ (ಕಾರಿನ ತಳದ ತಟ್ಟೆಯ) ತೂತಿನಿಂದ ಮೇಲೆ ಬಂದು ಫ್ಲೈವೀಲ್, ಅಂದರೆ ಎಂಜಿನ್ ಮುಂದಿನ ಭಾರದ ಚಕ್ರ, ತಿರುಗಿಸುತ್ತದೆ. ರೇಸಿನವರು ಬಳಸುವುದು ಇದನ್ನೇ. ಎಂಜಿನ್ ಬೆನ್ನಿನಲ್ಲಿ ಏನೂ ಇಲ್ಲದಿದ್ದರೆ ಭಾರ ಕಡಿಮೆ, ಹಾಳಾಗುವ ಭಾಗವೂ ಕಡಿಮೆ.

ನನ್ನ ಎಂಜಿನ್‌ಗೆ ಯಾವುದು ಕೂರುತ್ತದೆ ಅಂತ ತಿಳಿಯುವುದು ಹೇಗೆ?

ಯಾವುದನ್ನೂ ಕೊಳ್ಳುವ ಮೊದಲು ಎಂಜಿನ್ ಹಿಂದಿನ ಮುಚ್ಚಳ ಬಿಚ್ಚಿ ಕ್ರ್ಯಾಂಕ್ ಪಿನ್ ನೋಡಿ. ಈ ಪುಟದಲ್ಲಿ ಬೇರೆ ಏನು ಓದದಿದ್ದರೂ ಅಡ್ಡಿಯಿಲ್ಲ, ಇದೊಂದನ್ನು ಮಾಡಿ.

ನಾಲ್ಕು ಸ್ಕ್ರೂ ಬಿಚ್ಚಿದರೆ ಹಗ್ಗದ ಡಬ್ಬಿ, ಅದರ ಹಿಂದೆ ಬೆನ್ನಿನ ಪ್ಲೇಟ್ ಬರುತ್ತದೆ. ಒಳಗೆ ಕಾಣುವ ದುಂಡು ತಟ್ಟೆ ಕ್ರ್ಯಾಂಕಿನದು. ಅದರ ಅಂಚಿಗೆ ಒಂದು ಸಣ್ಣ ಗೂಟ, ಅದೇ ಕ್ರ್ಯಾಂಕ್ ಪಿನ್. ಆ ಗೂಟಕ್ಕೆ ಪಿಸ್ಟನ್ನಿನಿಂದ ಬರುವ ಕನೆಕ್ಟಿಂಗ್ ರಾಡ್ ಸಿಕ್ಕಿಸಿರುತ್ತದೆ. ಈಗ ಗೂಟದ ತುದಿ ನೋಡಿ. ಹಗ್ಗದ ಎಂಜಿನ್‌ನಲ್ಲಿ ಅದು ರಾಡ್ ದಾಟಿ ಹೊರಗೆ ಚಾಚಿಕೊಂಡಿರುತ್ತದೆ. ಸ್ಟಾರ್ಟರ್ ಶಾಫ್ಟಿನ ಒಳತುದಿಯಲ್ಲಿರುವ ತೂತು ಅಥವಾ ಕಚ್ಚು ಈ ಚಾಚಿದ ಭಾಗವನ್ನು ಹಿಡಿದು ಕ್ರ್ಯಾಂಕ್ ತಿರುಗಿಸುತ್ತದೆ. ಬಾಕ್ಸಿಗಾಗಿಯೇ ಮಾಡಿದ ಎಂಜಿನ್‌ನಲ್ಲಿ ಗೂಟ ರಾಡಿನ ಮಟ್ಟಕ್ಕೇ ಮುಗಿಯುತ್ತದೆ. ಹಿಡಿಯಲಿಕ್ಕೆ ಏನೂ ಇರುವುದಿಲ್ಲ.

ಹಗ್ಗ, ರೋಟೋ, ಈಜಿ ಸ್ಟಾರ್ಟ್ ಮೂರಕ್ಕೂ ಈ ಉದ್ದದ ಗೂಟ ಬೇಕು. ಬಾಕ್ಸಿಗೆ ಬೇಡ. ಅಂದರೆ ಹಗ್ಗದಿಂದ ರೋಟೋಗೆ ಹೋಗುವುದು ಸುಲಭ. ಹಗ್ಗದಿಂದ ಬಾಕ್ಸಿಗೆ ಹೋಗುವುದಕ್ಕೂ ಅಡ್ಡಿಯಿಲ್ಲ. ಬಾಕ್ಸಿನ ಎಂಜಿನ್‌ಗೆ ಹಗ್ಗ ಹಾಕುವುದು ಮಾತ್ರ ಕಷ್ಟ. ಅದಕ್ಕೆ ಕ್ರ್ಯಾಂಕ್ ಶಾಫ್ಟನ್ನೇ ಬದಲಿಸಬೇಕು. ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಬಾಕ್ಸೇ ಬರುತ್ತದೆ.

ಎಂಜಿನ್, ಸ್ಟಾರ್ಟರ್ ಎರಡರಲ್ಲೂ 18 ಅಂತ ಬರೆದಿದೆ, ಸ್ಕ್ರೂ ತೂತೂ ಸರಿಯಾಗಿ ಕೂರುತ್ತದೆ. ಸಾಕಲ್ವಾ?

ಸಾಲದು. 18 ಅಂದರೆ 0.18 ಘನ ಇಂಚು, ಲೆಕ್ಕಕ್ಕೆ 2.95 ಸಿಸಿ. ನಮ್ಮಲ್ಲಿ ಬರುವ 18ರ ಎಂಜಿನ್‌ಗಳಲ್ಲಿ ಕೆಲವು ನಿಜವಾಗಿ 2.74 ಸಿಸಿ ಮಾತ್ರ. 12 ಅಂದರೆ ಸುಮಾರು 2 ಸಿಸಿ, 15 ಅಂದರೆ 2.5, 21 ಅಂದರೆ 3.5, 28 ಅಂದರೆ 4.6. ಆ ಅಂಕೆ ಪಿಸ್ಟನ್ ಓಡಾಡುವ ಜಾಗ ಎಷ್ಟು ಅಂತ ಹೇಳುತ್ತದೆಯೇ ಹೊರತು ಬೆನ್ನಿನ ಅಳತೆ ಹೇಳುವುದಿಲ್ಲ.

ನೋಡಬೇಕಾದ್ದು ಬೇರೆ: ಪ್ಲೇಟಿನ ಒಳಗೆ ಹೋಗುವ ದುಂಡು ಭಾಗದ ಅಡ್ಡಳತೆ, ಅದರ ಎತ್ತರ, ಸ್ಟಾರ್ಟರ್ ಶಾಫ್ಟಿನ ದಪ್ಪ, ಒನ್‌ವೇ ಬೇರಿಂಗಿನ (ಒಂದು ದಿಕ್ಕಿಗೆ ಮಾತ್ರ ಶಾಫ್ಟನ್ನು ಹಿಡಿಯುವ ಬೇರಿಂಗ್) ಒಳ ಅಳತೆ. ಕಣ್ಣಂದಾಜು ಬೇಡ, ವರ್ನಿಯರ್ ಹಿಡಿಯಿರಿ. ಒನ್‌ವೇ ಬೇರಿಂಗಿನಲ್ಲಿ ಶಾಫ್ಟ್ ಕೂದಲೆಳೆಯಷ್ಟು ಸಣ್ಣದಾದರೂ ಒಳಗಿನ ರೋಲರ್‌ಗಳು ಹಿಡಿಯುವುದಿಲ್ಲ, ಹಗ್ಗ ಸುಮ್ನೆ ಜಾರುತ್ತದೆ.

ಹಗ್ಗ ತೆಗೆದು ಬಾಕ್ಸಿಗೆ ಹೋಗುವ ಕೆಲಸ ಪೂರ್ತಿ ಹೇಳಿ.

ಮೊದಲು ಸೋಮಾರಿಯ ದಾರಿ. ಹಗ್ಗ ತೆಗೆಯಲೇಬೇಡಿ. ಒನ್‌ವೇ ಬೇರಿಂಗ್ ಇರುವುದರಿಂದ ಫ್ಲೈವೀಲ್ ತಿರುಗಿಸಿದರೆ ಹಗ್ಗದ ರಾಟೆ ತನ್ನ ಪಾಡಿಗೆ ನಿಂತಿರುತ್ತದೆ. ಬಾಕ್ಸಿನಲ್ಲೇ ಸ್ಟಾರ್ಟ್ ಮಾಡಬಹುದು. ಗದ್ದೆಯಲ್ಲಿ ಬ್ಯಾಟರಿ ಸತ್ತರೆ ಹಗ್ಗ ಎಳೆಯಬಹುದು. ಮಜಾಕ್ಕೆ ಓಡಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ.

ತೆಗೆದೇ ಬಿಡಬೇಕು ಅಂದರೆ, ಹೊರಗಿನಿಂದ ಶುರು ಮಾಡಿ. ಸ್ಕ್ರೂ ಬಿಚ್ಚುವ ಮೊದಲು ಎಂಜಿನನ್ನು ಬ್ರಷ್ ಹಾಕಿ ತೊಳೆಯಿರಿ. ನಮ್ಮ ಪದವಿನ (ಗುಡ್ಡದ ಮೇಲಿನ ಬಯಲಿನ) ಕೆಂಪು ಧೂಳು ಎಣ್ಣೆ ಕುಡಿದು ಸ್ಕ್ರೂ ತಲೆಯ ಸುತ್ತ ಜೇಡಿಯ ಹಾಗೆ ಕೂತಿರುತ್ತದೆ. ಒಂದು ಚಿಟಿಕೆ ಒಳಗೆ ಬಿದ್ದರೂ ಲೈನರ್‌ಗೆ ಮರಳು ಕಾಗದ ಉಜ್ಜಿದ ಹಾಗೆ. ಆಮೇಲೆ ಡಬ್ಬಿ, ಪ್ಲೇಟ್, ಸ್ಟಾರ್ಟರ್ ಶಾಫ್ಟ್ ತೆಗೆಯಿರಿ. ತೂತಿಲ್ಲದ, ಪೂರ್ತಿ ಮುಚ್ಚಿದ ಪ್ಲೇಟ್ ಆ ಜಾಗಕ್ಕೆ ಬರಬೇಕು.

ಇಲ್ಲೇ ನಾನು ಒಮ್ಮೆ ಎಡವಿದ್ದು. ಅಕ್ಕನ ಮಗನ ಬಗ್ಗಿ ಕಾರಿಗೆ ಮುಚ್ಚಿದ ಪ್ಲೇಟ್ ತರಿಸಿದೆವು. ಸ್ಕ್ರೂ ತೂತು ಸರಿ ಇತ್ತು, ಒರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಚಂದ ಕೂತಿತು. ಬಿಗಿ ಮಾಡುವಾಗ ಕೊನೆಯ ಅರ್ಧ ಸುತ್ತು ಸ್ವಲ್ಪ ಗಟ್ಟಿ ಅನಿಸಿತು. ಹೊಸತಲ್ವಾ ಅಂದುಕೊಂಡೆ. ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿದರೆ ಒಂದು ಜಾಗದಲ್ಲಿ ಕಿರ್ರ್ ಅಂತ ಸಣ್ಣ ಸದ್ದು. "ಮಾವ, ಅದೆಂತ ಸದ್ದು?" ಅಂತ ಹುಡುಗ ಕೇಳಿಯೂ ಕೇಳಿದ. ಬಾಕ್ಸ್ ಮೇಲಿಟ್ಟು ಒತ್ತಿದೆ. ಎರಡು ಸೆಕೆಂಡಿಗೆ ನಿಂತಿತು. ಬಿಚ್ಚಿ ನೋಡಿದರೆ ಪ್ಲೇಟಿನ ಒಳಮೈಯಲ್ಲಿ ಕೈವಾರದಲ್ಲಿ ಎಳೆದ ಹಾಗೆ ಒಂದು ಹೊಳೆಯುವ ಉಂಗುರ, ಎಣ್ಣೆಯಲ್ಲಿ ಬೂದಿ ಬಣ್ಣದ ಲೋಹದ ಪುಡಿ. ಉದ್ದದ ಗೂಟ ಪ್ಲೇಟನ್ನು ಕೊರೆಯುತ್ತಿತ್ತು. ಪುಡಿ ಹಿಂದಿನ ಬೇರಿಂಗಿಗೂ ಹೋಗಿತ್ತು. ಬೇರಿಂಗ್ ಬದಲಿಸಬೇಕಾಯಿತು.

ಈಗ ಹೀಗೆ ಮಾಡುತ್ತೇನೆ. ಮಕ್ಕಳ ಆಟದ ಕ್ಲೇಯನ್ನು ತೆಳ್ಳಗೆ ತಟ್ಟಿ ಪ್ಲೇಟಿನ ಒಳಮೈಗೆ ಅಂಟಿಸುವುದು, ಪ್ಲೇಟ್ ಕೂರಿಸಿ ಎರಡು ಸ್ಕ್ರೂ ಹಾಕುವುದು, ಫ್ಲೈವೀಲನ್ನು ಮೆಲ್ಲ ಒಂದು ಸುತ್ತು ತಿರುಗಿಸಿ ಬಿಚ್ಚುವುದು. ಗೂಟ ಎಳೆದ ಹಾದಿಯಲ್ಲಿ ಎಷ್ಟು ದಪ್ಪ ಕ್ಲೇ ಉಳಿದಿದೆಯೋ ಅಷ್ಟು ಸಂದು ಉಂಟು ಅಂತ ಲೆಕ್ಕ. ನಾನು ಅರ್ಧ ಮಿಲಿಮೀಟರ್ ಆದರೂ ಬಿಡುತ್ತೇನೆ. ಕಡಿಮೆ ಇದ್ದರೆ ಆ ಪ್ಲೇಟನ್ನು ಹಾಗೇ ಹಾಕಬೇಡಿ. ನೋಡಿ ಆದಮೇಲೆ ಕ್ಲೇಯನ್ನು ಒಂದು ಚೂರೂ ಬಿಡದೆ ತೆಗೆಯಿರಿ.

ಸ್ಕ್ರೂ ಬಗ್ಗೆಯೂ ಒಂದು ಮಾತು. ಹಗ್ಗದ ಡಬ್ಬಿಯ ಸ್ಕ್ರೂಗಳು ಡಬ್ಬಿ, ಪ್ಲೇಟ್ ಎರಡನ್ನೂ ದಾಟಿ ಹೋಗುವಂಥವಾದರೆ ಉದ್ದ ಜಾಸ್ತಿ. ಅವನ್ನೇ ಬರೀ ಪ್ಲೇಟಿಗೆ ಹಾಕಿದರೆ ತೂತಿನ ತಳ ಮುಟ್ಟಿ ನಿಲ್ಲುತ್ತವೆ. ಬಿಗಿಯಾಯಿತು ಅಂತ ನಮಗೆ ಅನಿಸುತ್ತದೆ, ಪ್ಲೇಟ್ ಮಾತ್ರ ಸಡಿಲ. ಇನ್ನೂ ತಿರುಗಿಸಿದರೆ ಕ್ರ್ಯಾಂಕ್ ಕೇಸಿನ ಕಿವಿ ಒಡೆಯುತ್ತದೆ. ಗಿಡ್ಡ ಸ್ಕ್ರೂ ಹಾಕಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ.

ಲೇತಿಗೆ ಕೊಟ್ಟು ಉದ್ದದ ಗೂಟ ಕತ್ತರಿಸಿದರೆ ಆಗುವುದಿಲ್ಲವಾ?

ಆಗುತ್ತದೆ, ಆದರೆ ಬೇಡ. ಗೂಟ ಗಟ್ಟಿ ಮಾಡಿದ ಉಕ್ಕು, ಅರದಲ್ಲಿ ಉಜ್ಜಿದರೆ ಬಗ್ಗುವುದಿಲ್ಲ, ಗ್ರೈಂಡರ್ ಹಿಡಿಯಬೇಕು. ಗ್ರೈಂಡರ್ ಬಿಸಿಗೆ ಗೂಟದ ಗಟ್ಟಿತನ ಹೋಗಬಹುದು. ಕ್ರ್ಯಾಂಕಿನ ತೂಕದ ಸಮತೋಲವೂ ಬದಲಾಗುತ್ತದೆ. ಈ ಎಂಜಿನ್ ನಿಮಿಷಕ್ಕೆ 30,000 ಸುತ್ತಿನ ಹತ್ತಿರ ಹೋಗುವಂಥದ್ದು, ಅಲ್ಲಿ ಸಣ್ಣ ವ್ಯತ್ಯಾಸವೂ ಗೊತ್ತಾಗುತ್ತದೆ. ಅದರ ಬದಲು ಪ್ಲೇಟಿನ ಒಳಮೈಯನ್ನು ಲೇತಿನಲ್ಲಿ ತುಸು ಹೆರೆಸಿ. ಅಲ್ಯೂಮಿನಿಯಂ, ಮೆತ್ತಗೆ, ಹಾಳಾದರೆ ಇನ್ನೊಂದು ಪ್ಲೇಟ್.

ನನ್ನ ಕಾರಿನ ಚಾಸಿಯಲ್ಲಿ ತೂತೇ ಇಲ್ಲ.

1/8 ಅಳತೆಯ (ನಿಜ ಕಾರಿನ ಎಂಟನೇ ಒಂದು ಗಾತ್ರದ) ಬಗ್ಗಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಫ್ಲೈವೀಲಿನ ನೇರ ಕೆಳಗೆ ಗುರುತು ಮಾಡಿ, ಸಾಲಾಗಿ ತೂತು ಕೊರೆದು, ಅರ ಹಾಕಿ ಉದ್ದ ಸೀಳು ಮಾಡಿಕೊಳ್ಳಿ. ಎಂಜಿನ್ ಮತ್ತು ಎಲೆಕ್ಟ್ರಾನಿಕ್ಸ್ ಎಲ್ಲ ಬಿಚ್ಚಿ ಹೊರಗಿಟ್ಟ ಮೇಲೆ ಮಾತ್ರ. ಸೀಳು ಬಾಕ್ಸಿನ ಚಕ್ರಕ್ಕಿಂತ ಬಹಳ ದೊಡ್ಡದಾದರೆ ಮಣ್ಣು ಮೇಲೆ ಬರುತ್ತದೆ. ಸಣ್ಣದಾದರೆ ಆ ರಬ್ಬರ್ ಚಕ್ರ ಚಾಸಿಗೆ ಉಜ್ಜಿ ಹೊಗೆ ಬರುತ್ತದೆ.

ಬಾಕ್ಸಿನ ಚಕ್ರ ಯಾವ ಕಡೆಗೆ ತಿರುಗಬೇಕು?

ಇದನ್ನು ಕೇಳದೆ ಹಾಳು ಮಾಡಿಕೊಂಡವರು ಜಾಸ್ತಿ. ಫ್ಲೈವೀಲ್ ಕಡೆಯಿಂದ ಎಂಜಿನ್ ನೋಡಿ. ಸಾಮಾನ್ಯ ಆರ್‌ಸಿ ಕಾರಿನ ಎಂಜಿನ್ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತದೆ. ಬಾಕ್ಸಿನ ಚಕ್ರ ಫ್ಲೈವೀಲನ್ನು ಕೆಳಗಿನಿಂದ ಮುಟ್ಟುವುದರಿಂದ, ಅದೇ ಕಡೆಯಿಂದ ನೋಡಿದರೆ ಚಕ್ರ ಗಡಿಯಾರದ ಮುಳ್ಳಿನ ಹಾಗೆ ತಿರುಗಬೇಕು. ಉಲ್ಟಾ ಇದ್ದರೆ ಮೋಟಾರಿನ ಎರಡು ವಯರ್ ಅದಲು ಬದಲು ಮಾಡಿ, ಅಥವಾ ಕಾರನ್ನು ಬಾಕ್ಸ್ ಮೇಲೆ ತಿರುಗಿಸಿ ಇಡಿ.

ಉಲ್ಟಾ ತಿರುಗಿಸಿದರೆ ಎಂಜಿನ್ ಸರಿಯಾಗಿ ಹತ್ತುವುದಿಲ್ಲ. ಹಗ್ಗದ ಸ್ಟಾರ್ಟರ್ ಬೆನ್ನಿನಲ್ಲೇ ಇದ್ದರಂತೂ ಒನ್‌ವೇ ಬೇರಿಂಗ್ ಹಿಡಿದುಕೊಂಡು ರಾಟೆಯನ್ನು ಹಿಂದಕ್ಕೆ ಎಳೆಯುತ್ತದೆ, ಸ್ಪ್ರಿಂಗ್ ಕತೆ ಮುಗಿಯಿತು.

ಮನೆಯ ಡ್ರಿಲ್ ಮೆಷಿನ್ ಹಾಕಬಹುದಾ?

ರೋಟೋ ಸಾಕೆಟ್ ಇದ್ದು, ಅದಕ್ಕೆ ಸರಿ ಹೊಂದುವ ಸರಳು ಸಿಕ್ಕರೆ ಬ್ಯಾಟರಿ ಡ್ರಿಲ್ ಆಗುತ್ತದೆ. ಹಿಂದಿನಿಂದ ನೋಡಿದರೆ ಎಂಜಿನ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗುತ್ತದೆ. ಅಂದರೆ ಡ್ರಿಲ್ ಸ್ಕ್ರೂ ಬಿಗಿ ಮಾಡುವ ದಿಕ್ಕಿನಲ್ಲಿ ಇರಬೇಕು. ಡ್ರಿಲ್ಲಿನ ಮೂತಿಯಲ್ಲಿ ಅಂಕೆಗಳ ರಿಂಗ್ ಇರುತ್ತದಲ್ಲ, ಅದನ್ನು ಕಡಿಮೆಯಿಂದ ಶುರು ಮಾಡಿ ಎಂಜಿನ್ ತಿರುಗುವಷ್ಟಕ್ಕೆ ಮಾತ್ರ ಏರಿಸಿ. ಎಂಜಿನ್ ಒಳಗೆ ಇಂಧನ ತುಂಬಿ ನಿಂತರೆ ಡ್ರಿಲ್ ಕಟಕಟ ಅಂತ ಜಾರುತ್ತದೆ, ರಾಡ್ ಬಗ್ಗುವುದಿಲ್ಲ.

ಇದು ಬಾಕ್ಸಿಗೂ ಅನ್ವಯಿಸುವ ವಿಷಯ. ಹಗ್ಗ ತುಂಡಾಗುತ್ತದೆ ಅಂತ ಎಲ್ಲರೂ ಬಯ್ಯುತ್ತಾರೆ. ನಿಜ ಹೇಳಿದರೆ ಅದು ಮನೆಯ ಫ್ಯೂಸ್ ಇದ್ದ ಹಾಗೆ. ಇಂಧನ ತುಂಬಿದ ಎಂಜಿನನ್ನು ಹಗ್ಗದಲ್ಲಿ ಎಳೆದರೆ ಹೋಗುವುದು ಹಗ್ಗ. ಬಾಕ್ಸಿನ ಮೋಟಾರಿಗೆ ಅಂಥ ದಾಕ್ಷಿಣ್ಯ ಇಲ್ಲ, ಅದು ರಾಡನ್ನೇ ಬಗ್ಗಿಸುತ್ತದೆ. ಹಾಗಾಗಿ ಬಾಕ್ಸಿಗೆ ಬದಲಾದವರು ಒಂದು ರೂಢಿ ಮಾಡಿಕೊಳ್ಳಿ: ಮೊದಲು ಫ್ಲೈವೀಲನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ, ತಿರುಗದಿದ್ದರೆ ಪ್ಲಗ್ ಬಿಚ್ಚಿ ನೋಡಿ, ಆಮೇಲೆ ಬಾಕ್ಸ್.

ಗೋಡೆಯ ಪ್ಲಗ್ಗಿಗೆ ಹಾಕುವ ಡ್ರಿಲ್ ಬೇಡವೇ ಬೇಡ. ಒದ್ದೆ ಗದ್ದೆ, ಉದ್ದ ವಯರ್, ಮೆಥನಾಲ್. ನೀವೇ ಯೋಚಿಸಿ.

ಹುಲ್ಲು ಹೆರೆಯುವ ಮೆಷಿನ್ನಿನ ಸ್ಟಾರ್ಟರ್ ಕೂರುತ್ತದಾ? ನಮ್ಮ ಕೊಟ್ಟಿಗೆಯಲ್ಲಿ ಒಂದು ಹಳೆಯದು ಬಿದ್ದುಕೊಂಡುಂಟು.

ಅಡಿಕೆ ತೋಟ ಇರುವ ಪ್ರತಿ ಮನೆಯವರೂ ಇದನ್ನು ಕೇಳುತ್ತಾರೆ. ನೈಟ್ರೋ ಎಂಜಿನ್‌ಗೆ ಇಲ್ಲ. ಗಾತ್ರವೇ ಹತ್ತು ಪಟ್ಟು ಬೇರೆ. ಹಗ್ಗವೂ ದಪ್ಪ, ಸಣ್ಣ ರಾಟೆಯಲ್ಲಿ ಸುತ್ತಿದರೆ ಡಬ್ಬಿಗೆ ಉಜ್ಜುತ್ತದೆ.

ಆದರೆ 1/5 ಅಳತೆಯ ಪೆಟ್ರೋಲ್ ಕಾರು ಇದ್ದರೆ ಮಾತು ಬೇರೆ. ಅದರಲ್ಲಿರುವುದು 23 ರಿಂದ 30 ಸಿಸಿ ಆಸುಪಾಸಿನ ಟೂ ಸ್ಟ್ರೋಕ್, ಹುಲ್ಲಿನ ಮೆಷಿನ್ನಿನ ದಾಯಾದಿಯೇ. ಸ್ಪಾರ್ಕ್ ಪ್ಲಗ್, ಮ್ಯಾಗ್ನೆಟೋ, ಹಗ್ಗ ಎಲ್ಲ ಅದೇ ಜಾತಿ. ಕೊಕ್ಕೆಗಳ ಜಾಗ, ಸ್ಕ್ರೂ ತೂತುಗಳ ಅಂತರ ಅಳೆದು ನೋಡಿದರೆ ಕೆಲವೊಮ್ಮೆ ಹಾಗೇ ಕೂರುತ್ತದೆ. ಕೂರದಿದ್ದರೂ ಹಗ್ಗ ಮತ್ತು ಹಿಡಿ ಆ ಮೆಷಿನ್ ರಿಪೇರಿ ಅಂಗಡಿಯಲ್ಲೇ ಸಿಗುತ್ತದೆ. ಅಲ್ಲಿಯ ಹುಡುಗರು ಸ್ಪ್ರಿಂಗ್ ಕೂರಿಸುವುದನ್ನು ನಿಂತು ನೋಡಿ. ಹೆಬ್ಬೆರಳಲ್ಲಿ ಒತ್ತಿ ಹಿಡಿದು ಸುರುಳಿ ಸುತ್ತುವ ಆ ಕೈಚಳಕ ಓದಿ ಬರುವಂಥದ್ದಲ್ಲ.

ಬದಲಿಸಿದ ಮೇಲೆ ಎಂಜಿನ್ ಹತ್ತಿತು, ಆದರೆ ಆಕ್ಸಿಲರೇಟರ್ ಬಿಟ್ಟರೂ ಕಿರುಚುತ್ತಲೇ ಇರುತ್ತದೆ.

ಬೆನ್ನಿನ ಪ್ಲೇಟಿನಿಂದ ಗಾಳಿ ಸೇರುತ್ತಿದೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸೇ ಪಂಪು. ಇಂಧನ, ಗಾಳಿ ಮೊದಲು ಅಲ್ಲಿಗೆ ಬಂದು ಆಮೇಲೆ ಮೇಲೆ ಹೋಗುತ್ತದೆ. ಪ್ಲೇಟಿನ ಸಂದಿನಿಂದ ಜಾಸ್ತಿ ಗಾಳಿ ಬಂದರೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ವೇಗ ಇಳಿಯುವುದಿಲ್ಲ. ಎಣ್ಣೆಯೂ ಇಂಧನದ ಜೊತೆಗೇ ಬರುವುದರಿಂದ ಅದೂ ಕಡಿಮೆಯಾಗುತ್ತದೆ. ಕಾರ್ಬೊರೇಟರ್ ಸೂಜಿ ತಿರುಗಿಸುತ್ತಾ ಕೂರಬೇಡಿ. ಮೊದಲು ಸೋರಿಕೆ ಹುಡುಕಿ.

ಎಂಜಿನ್ ತಣಿದ ಮೇಲೆ ಸೈಲೆನ್ಸರ್ ದ್ವಾರಕ್ಕೆ ರಬ್ಬರ್ ಬಿರಡೆ, ಕಾರ್ಬೊರೇಟರ್ ಬಾಯಿಗೆ ಬೆರಳು. ಥ್ರಾಟಲ್ ತೆರೆದಿರಲಿ. ಇಂಧನದ ನಳಿಗೆ ಒಂದು ಸಿರಿಂಜ್ ಸಿಕ್ಕಿಸಿ ಮೆಲ್ಲ ಗಾಳಿ ಒತ್ತಿ. ಬಾಯಲ್ಲಿ ಊದಬೇಡಿ. ಪ್ಲೇಟಿನ ಸುತ್ತ ಬ್ರಷ್‌ನಲ್ಲಿ ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಬರುತ್ತದೆ. ಹೆಚ್ಚಾಗಿ ಒರಿಂಗ್ ಕಚ್ಚಿಕೊಂಡಿರುತ್ತದೆ, ಇಲ್ಲವೇ ಮೊದಲು ಹೇಳಿದ ಉದ್ದ ಸ್ಕ್ರೂ. ಹಗ್ಗ, ರೋಟೋ ಇರುವವರು ಶಾಫ್ಟ್ ಹೊರಬರುವ ತೂತನ್ನೂ ನೋಡಿ, ಅಲ್ಲಿಯ ಒರಿಂಗೂ ಸವೆಯುತ್ತದೆ.

ಸರಿಯಾದ ಮೇಲೆ ಎಂಜಿನ್ ತಲೆಯ ಬಿಸಿ 100 ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ನೀರು ಹಾಕಿ. ಚುಂಯ್ ಅಂತ ನಿಧಾನ ಆರಿದರೆ ಸರಿ, ಬಿದ್ದ ಕೂಡಲೇ ಹಾರಿ ಮಾಯವಾದರೆ ಜಾಸ್ತಿ ಬಿಸಿ.

ಪರೀಕ್ಷೆಗೆ ಅಂಗಳದಲ್ಲೇ ಓಡಿಸಬಹುದಾ?

ಅಂಗಳದಲ್ಲಿ ಅಡಿಕೆ ಒಣಗಿಸಿದ್ದರೆ ಬೇಡ. ಸೈಲೆನ್ಸರಿನಿಂದ ಎಣ್ಣೆ ಹಾರುತ್ತದೆ. ನಮ್ಮಮ್ಮ ಒಂದು ಸಲ ನನಗೆ ಮತ್ತು ಅಕ್ಕನ ಮಗನಿಗೆ ಒಟ್ಟಿಗೇ ಬೈದು, ಎರಡು ಗೋಣಿ ಅಡಿಕೆಯನ್ನು ನಮ್ಮಿಂದಲೇ ಬಟ್ಟೆಯಲ್ಲಿ ಒರೆಸಿಸಿದ್ದಾರೆ. ಇನ್ನೊಂದು, ಮೆಥನಾಲಿನ ಬೆಂಕಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಹತ್ತಿರ ಒದ್ದೆ ಗೋಣಿ, ಒಂದು ಬಕೆಟ್ ನೀರು ಇರಲಿ. ಇಂಧನದ ಡಬ್ಬಿಯನ್ನು ಮಂಗಳೂರಿನಿಂದ ಬಸ್ಸಿನಲ್ಲೋ ರೈಲಿನಲ್ಲೋ ಚೀಲದೊಳಗೆ ತರುವ ಧೈರ್ಯ ಮಾಡಬೇಡಿ.

ಮಳೆಗಾಲದಲ್ಲಿ ಸ್ಟಾರ್ಟರ್ ಜಾಮ್ ಆಗುತ್ತದೆ. ಯಾಕೆ?

ತುಕ್ಕು. ಮೆಥನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯಲ್ಲಿ ನೀರಿಗೆ ಬರವಿಲ್ಲ. ಗೋಡೆಯಲ್ಲಿ ತೂಗುಹಾಕಿದ ಚರ್ಮದ ಬೆಲ್ಟಿಗೇ ಬೂಸಲು ಬರುವಾಗ ಉಕ್ಕಿನ ಬೇರಿಂಗ್ ಎಷ್ಟರದು? ಒನ್‌ವೇ ಬೇರಿಂಗಿನ ರೋಲರ್‌ಗಳು ಸಣ್ಣವು, ಮೊದಲು ಹಿಡಿಯುವುದು ಅವೇ.

ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಪ್ಲಗ್ ತೂತಿಗೆ, ಕಾರ್ಬೊರೇಟರಿಗೆ ನಾಲ್ಕಾರು ಹನಿ ಆಫ್ಟರ್ ರನ್ ಎಣ್ಣೆ (ಓಡಿಸಿದ ಮೇಲೆ ತುಕ್ಕು ಹಿಡಿಯದ ಹಾಗೆ ಹಾಕುವ ಎಣ್ಣೆ) ಹಾಕಿ ತಿರುಗಿಸಿ. ಒನ್‌ವೇ ಬೇರಿಂಗಿಗೆ ತೆಳು ಎಣ್ಣೆ ಒಂದೇ ಹನಿ. ಗ್ರೀಸ್ ಹಾಕಬೇಡಿ, ರೋಲರ್ ಅಂಟಿಕೊಂಡು ಹಗ್ಗ ಜಾರುತ್ತದೆ. ಪಿಸ್ಟನ್ ಕೆಳಗಿರುವ ಹಾಗೆ ಫ್ಲೈವೀಲ್ ತಿರುಗಿಸಿ ಇಡಿ. ಮೇಲೆ ಕಚ್ಚಿದ ಜಾಗದಲ್ಲಿ ಬಿಟ್ಟರೆ ನಾಲ್ಕು ತಿಂಗಳ ನಂತರ ಬಿಡಿಸುವುದೇ ಒಂದು ಕೆಲಸ.

ಬಾಕ್ಸಿಗೆ ಬೈಕಿನ ಹಳೆ ಬ್ಯಾಟರಿ ಸಾಕಾ?

12 ವೋಲ್ಟಿನ ಬಾಕ್ಸಿಗೆ ವೋಲ್ಟೇಜ್ ಸರಿ. ಆದರೆ ಬೈಕನ್ನು ಹತ್ತಿಸಲಾರದೆ ತೆಗೆದಿಟ್ಟ ಬ್ಯಾಟರಿ ಇದನ್ನೂ ಹತ್ತಿಸುವುದಿಲ್ಲ. ಯುಪಿಎಸ್‌ನಲ್ಲಿ ಬರುವ 12 ವೋಲ್ಟ್, 7 ಆಂಪಿಯರ್ ಅವರ್‌ನ ಸೀಲ್ ಆದದ್ದು ಒಳ್ಳೆಯದು, ವಾಲಿದರೂ ಆಸಿಡ್ ಚೆಲ್ಲುವುದಿಲ್ಲ. ಅದರ ವಯರನ್ನು ಮಾತ್ರ ಗ್ಲೋ ಪ್ಲಗ್ಗಿಗೆ ಮುಟ್ಟಿಸಬೇಡಿ. ಪ್ಲಗ್ಗಿಗೆ ಬೇಕಾದ್ದು ಒಂದೂವರೆ ವೋಲ್ಟ್. 12 ಕೊಟ್ಟರೆ ಒಳಗಿನ ತಂತಿ ಒಂದು ಸಲ ಬೆಳ್ಳಗೆ ಮಿನುಗಿ ಹೋಗುತ್ತದೆ, ಕಣ್ಣು ಮಿಟುಕಿಸಿದ್ದರೆ ಅದೂ ಕಾಣುವುದಿಲ್ಲ.